ಲಾಭ ಕರಗುತ್ತದೆ, ಸಾಲ ಕರಗುವುದಿಲ್ಲ

ನೈರೋಬಿಯ ಡಾಂಡೋರಾದಲ್ಲಿ ಸಣ್ಣಪುಟ್ಟ ವ್ಯಾಪಾರ ಮಾಡುವ ಹೆಂಗಸರನ್ನು ಬ್ರೂಕ್ಸ್, ಡೊನೊವನ್, ಜಾನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಚೀಟಿ ಎತ್ತುವ ರೀತಿಯಲ್ಲಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಲೆಕ್ಕಪತ್ರ, ಮಾರಾಟಗಳ ಪಾಠ. ಇನ್ನೊಂದು ಗುಂಪಿನ ಒಬ್ಬೊಬ್ಬರಿಗೂ ಅದೇ ಪ್ರದೇಶದಲ್ಲಿ ವ್ಯಾಪಾರ ಮಾಡಿ ಪಳಗಿದ ಹಿರಿಯಳೊಬ್ಬಳ ಜೊತೆ. ಮೂರನೆಯ ಗುಂಪಿಗೆ ಏನೂ ಇಲ್ಲ. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಪಾಠ ಕೇಳಿದವರ ಲಾಭ ಹೆಚ್ಚಲಿಲ್ಲ. ಹಿರಿಯರ ಜೊತೆ ಸಿಕ್ಕವರದು ಸರಾಸರಿ ಶೇ. 20ರಷ್ಟು ಏರಿತು. ಸರಕು ಎಲ್ಲಿ ಅಗ್ಗ, ಯಾವ ಸಗಟು ವ್ಯಾಪಾರಿಯ ಹತ್ತಿರ ಹೋಗಬೇಕು ಎಂಬುದು ಆ ಹಿರಿಯರಿಗೆ ಗೊತ್ತಿತ್ತು. ಯಾವ ಪಠ್ಯಕ್ರಮವೂ ಅದನ್ನು ಹೇಳಿಕೊಡಲಾರದು. ಆದರೆ ಭೇಟಿಗಳು ನಿಲ್ಲುತ್ತಾ ಬಂದಂತೆ ಆ ಲಾಭವೂ ಕರಗಿತು.

ನನಗೆ ಹೆದರಿಕೆ ಹುಟ್ಟಿಸುವುದು ಈ ಕೊನೆಯ ಸಂಗತಿ. ಅದೇ ಕೀನ್ಯಾದಲ್ಲಿ 2012ರಿಂದ ಎಂ-ಶ್ವಾರಿ ಎಂಬ ಸೇವೆ ಮೊಬೈಲ್‌ನಲ್ಲೇ ಸಾಲ ಕೊಡುತ್ತಿದೆ. 2022ರ ನವೆಂಬರ್‌ನಲ್ಲಿ ಸರ್ಕಾರವೇ ಹಸ್ಲರ್ ಫಂಡ್ ತೆರೆಯಿತು. 500 ಶಿಲ್ಲಿಂಗ್‌ನಿಂದ ಸಾಲ, ಮರುಪಾವತಿಗೆ 14 ದಿನ. ದುಡ್ಡು ನಿಮಿಷಗಳಲ್ಲಿ ಬರುತ್ತದೆ. ಸರಕಿನ ದಾರಿ ತೋರಿಸುವವರು ಬರುವುದಿಲ್ಲ. ದುಬಾರಿ ದರಕ್ಕೆ ಟೊಮೆಟೊ ಕೊಂಡವಳು ಆ 14 ದಿನಗಳೊಳಗೆ ಏನು ಗಿಟ್ಟಿಸಿಯಾಳು? ಅಸಲಿಗೇ ಕೈ ಹಾಕುತ್ತಾಳೆ, ಇನ್ನೊಂದು ಆ್ಯಪ್‌ನಲ್ಲಿ ಸಾಲ ಎತ್ತಿ ಮೊದಲಿನದನ್ನು ತೀರಿಸುತ್ತಾಳೆ. ಸಾಲದ ವೇಗ ಹೀಗೇ ಮುಂದುವರಿದು ಆಸರೆಯ ಅವಧಿ ಹೀಗೇ ಮೊಟಕಾಗಿದ್ದರೆ, ಉದ್ಯಮಕ್ಕೆ ಇಳಿಯುವ ಬಡ ಹೆಂಗಸರಲ್ಲಿ ಅನೇಕರು ಮೊದಲಿಗಿಂತ ಬಡವರಾಗುತ್ತಾರೆ. ಕರ್ನಾಟಕಕ್ಕೆ ಈ ಸಂಕಟ ಹೊಸದಲ್ಲ: ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು ನಮ್ಮ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ತಪ್ಪಿಸುವ ದಾರಿ ಕಾಣದೇ ಇಲ್ಲ. ಚೀನಾದ ನಾನ್‌ಚಾಂಗ್‌ನಲ್ಲಿ ಉದ್ಯಮಿಗಳನ್ನು ಚಿಕ್ಕ ಚಿಕ್ಕ ಗುಂಪುಗಳಾಗಿ ತಿಂಗಳಿಗೊಮ್ಮೆಯಂತೆ ಒಂದು ವರ್ಷ ಸೇರಿಸಿದಾಗ ವಹಿವಾಟು ಶೇ. 8ರಷ್ಟು ಏರಿತು. ಸಭೆಗಳು ಮುಗಿದು ವರ್ಷವಾದ ಮೇಲೂ ಆ ಫಲ ಉಳಿದಿತ್ತು. ಡಾಂಡೋರಾದ ಅಂಗಡಿಗಳಿಗಿಂತ ಅವು ದೊಡ್ಡ ಉದ್ಯಮಗಳು, ನಿಜ. ಆದರೂ ಒಡನಾಟ ಬೇರು ಬಿಡಲು ಕಾಲ ಬೇಕು ಎಂಬುದಕ್ಕೆ ಎರಡೂ ಕಡೆ ಪುರಾವೆ ಸಿಗುತ್ತದೆ. ನಮ್ಮಲ್ಲೇ, 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ಸ್ವಉದ್ಯೋಗ ತರಬೇತಿಯ ರುಡ್‌ಸೆಟ್ ಸಂಸ್ಥೆ ತರಬೇತಿ ಮುಗಿದ ಮೇಲೂ ಎರಡು ವರ್ಷ ಅಭ್ಯರ್ಥಿಗಳ ಬೆನ್ನಿಗಿರುವ ಪದ್ಧತಿ ಇಟ್ಟುಕೊಂಡಿದೆ. ಅಷ್ಟು ಕಾಲ ಹಿರಿಯ ವ್ಯಾಪಾರಿಗಳ ಓಡಾಟಕ್ಕೆ ಹಣ ಎತ್ತಿಡದ ಯೋಜನೆಗೆ, ನೈರೋಬಿಯಲ್ಲಾಗಲಿ ರಾಯಚೂರಿನಲ್ಲಾಗಲಿ, ಸಾಲ ಹಂಚಲು ಒಪ್ಪಿಗೆ ಕೊಡಬಾರದು.