ಮೂಲಪ್ರತಿಯ ಲೇಖನಿ ಯಾರ ಕೈಯಲ್ಲಿ?

ಚಡಚಣದ ವಿದ್ಯಾರ್ಥಿನಿಯೊಬ್ಬಳು ಮೊಬೈಲಿನಲ್ಲಿ ತನ್ನೂರಿನ ಹೆಸರನ್ನು ಬರೆದಳೆನ್ನೋಣ. ಯಂತ್ರದ ಪಾಲಿಗೆ ಅದು ಹೆಸರಲ್ಲ. 3226, 3233, 3226, 3235 ಎಂಬ ನಾಲ್ಕು ಸಂಖ್ಯೆಗಳ ಸಾಲು. ಮುದ್ದೇಬಿಹಾಳ ಎಂದು ಬರೆದರೆ ಒತ್ತು, ಗುಣಿತಗಳೆಲ್ಲ ಸೇರಿ ಹನ್ನೊಂದು ಸಂಖ್ಯೆಗಳಾಗುವುವು. ಈ ಸಂಖ್ಯೆಗಳನ್ನು ಓದಿಕೊಂಡು, ದಕಾರದ ಕೆಳಗೆ ಒತ್ತನ್ನು ತಕ್ಕ ಸ್ಥಳದಲ್ಲಿ ಕೂರಿಸಿ, ತೆರೆಯ ಮೇಲೆ ಅಕ್ಷರವನ್ನು ಮೂಡಿಸುವುದು ಒಂದು ಕ್ರಮವಿಧಿಯ ಕೆಲಸ. ಆಂಡ್ರಾಯ್ಡ್ ಫೋನುಗಳಲ್ಲಿಯೂ ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿಯೂ ಈ ಕೆಲಸವನ್ನು ನಿರ್ವಹಿಸುವ ಕ್ರಮವಿಧಿಗೆ ಹಾರ್ಫ್‌ಬಜ್ ಎಂದು ಹೆಸರು. ಅದು ಯಾವುದೊಂದು ಕಂಪನಿಯ ಗುಟ್ಟಲ್ಲ. ಅದರ ಆಕರ ಬರಹವನ್ನು ಯಾರು ಬೇಕಾದರೂ ಓದಬಹುದು, ನಕಲು ಮಾಡಿಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ಇಂತಹುದನ್ನು ಮುಕ್ತ ತಂತ್ರಾಂಶವೆಂದು ಕರೆಯುತ್ತೇವೆ.

ಎಲ್ಲರಿಗೂ ಸೇರಿದ ವಸ್ತುವಿನ ಬಗೆಗೆ ಜಗಳವೇಕೆ ಎಂದು ವಾಚಕರು ಕೇಳಬಹುದು. ಆದರೆ ಮುಕ್ತ ತಂತ್ರಾಂಶವನ್ನು ಕಟ್ಟುವವರ ಬಳಗಗಳಲ್ಲಿ ಜಗಳಗಳು ನಡೆದಿವೆ. ಅವು ಸಣ್ಣವೇನೂ ಅಲ್ಲ. ಅವುಗಳ ಬೇರನ್ನು ತಿಳಿಯಲು ಇದೇ ಸೀಮೆಯ ಒಂದು ನಿದರ್ಶನವು ನಮಗೆ ನೆರವಾಗುತ್ತದೆ. ಮಧುರಚೆನ್ನ, ಚಡಚಣದ ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು ಇಲ್ಲಿಯ ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗಳನ್ನು ಕಲೆಹಾಕಿ 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದರು. ಬೀಸುವಾಗ ಹಾಡುವ ಹಾಡಿಗೆ ಮೂಲಪ್ರತಿ ಎಂಬುದಿಲ್ಲ. ಇಂಡಿಯ ಮಗಳು ಸಿಂದಗಿಗೆ ಸೊಸೆಯಾಗಿ ಹೋದರೆ ಹಾಡೂ ಅವಳೊಡನೆ ಹೋಗಿ ಅಲ್ಲಿ ಒಂದೆರಡು ಮಾತು ಬದಲಾಗುವುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಅಚ್ಚು ಹಾಕಿಸುವಾಗಲಾದರೋ, ಯಾವ ಪಾಠವನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಯಾರಾದರೊಬ್ಬರು ತೀರ್ಮಾನಿಸಲೇಬೇಕು. ಹಾಡು ಎಲ್ಲರದು, ಲೇಖನಿ ಮಾತ್ರ ಕೆಲವರ ಕೈಯಲ್ಲಿ.

ಮುಕ್ತ ತಂತ್ರಾಂಶದ ಸ್ಥಿತಿಯೂ ಹೀಗೆಯೇ. ನಕಲು ಮಾಡಿಕೊಳ್ಳುವ ಹಕ್ಕನ್ನು ಪರವಾನಗಿಯು ಸಕಲರಿಗೂ ಕೊಡುತ್ತದೆ. ಮೂಲಪ್ರತಿಯಲ್ಲಿ ಬರೆಯುವ ಹಕ್ಕನ್ನು ಕೊಡುವುದಿಲ್ಲ. ತಪ್ಪನ್ನು ಕಂಡವರು ತಿದ್ದುಪಡಿಯನ್ನು ಸಿದ್ಧಪಡಿಸಿ ಕಳುಹಿಸುತ್ತಾರೆ. ಹಕ್ಕುಳ್ಳವರು ಅದನ್ನು ಪರೀಕ್ಷಿಸಿ ಸೇರಿಸುತ್ತಾರೆ, ಇಲ್ಲವೇ ತಿರಸ್ಕರಿಸುತ್ತಾರೆ. ಹೀಗೆ ವರ್ಷಗಟ್ಟಲೆ ಕಳುಹಿಸಿ ನಂಬಿಕೆಯನ್ನು ಗಳಿಸಿದವರಿಗೆ ಒಂದು ದಿನ ಲೇಖನಿಯೇ ದೊರೆಯುವುದುಂಟು. ಕೆಲಸ ಮಾಡಿದವನಿಗೆ ಮಾತಾಡುವ ಅಧಿಕಾರ ಎಂಬ ಈ ನಿಯಮವು ಮೇಲುನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಕೆಲಸಕ್ಕೆ ಹೊತ್ತು ಬೇಕಷ್ಟೆ. ದೊಡ್ಡ ಕಂಪನಿಯ ಸಂಬಳದ ಮೇಲೆ ದಿನವಿಡೀ ಇದನ್ನೇ ಮಾಡುವವನೂ, ಹಗಲೆಲ್ಲ ಬೇರೆ ಉದ್ಯೋಗ ಮಾಡಿ ರಾತ್ರಿ ಒಂದು ಗಂಟೆ ಕೂರುವವನೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತಾರೆ. ಇನ್ನು ಇಂಗ್ಲಿಷಿನಲ್ಲಿ ವಾದಿಸಲು ಅಳುಕುವವನ ತೂಕ ಮತ್ತಷ್ಟು ಇಳಿಯುವುದು ಸಹಜ. ನಮಗೆ ತೋರುವ ಮಟ್ಟಿಗೆ, ಈ ಬಳಗಗಳ ಹೆಚ್ಚಿನ ಕಲಹಗಳು ಹುಟ್ಟುವುದು ಇಲ್ಲಿಯೇ. ತಾಂತ್ರಿಕ ಪ್ರಶ್ನೆಯು ಬಹುಮಟ್ಟಿಗೆ ನೆಪವಾಗಿರುತ್ತದೆ.

ನಮ್ಮ ಕಾಲೇಜುಗಳಲ್ಲಿ ಕಲಿಸುವ ಪೈಥಾನ್ ಭಾಷೆಯನ್ನೇ ನೋಡೋಣ. ಅದನ್ನು ಸೃಷ್ಟಿಸಿದ ಗೈಡೋ ವಾನ್ ರಾಸಮ್ ಅವರಿಗೆ ‘ಆಜೀವ ಪರ್ಯಂತದ ಹಿತೈಷಿ ಸರ್ವಾಧಿಕಾರಿ’ ಎಂಬ ಅರೆ ವಿನೋದದ ಬಿರುದಿತ್ತು; ವಿವಾದ ಬಂದಾಗ ಕೊನೆಯ ಮಾತು ಅವರದು. 2018ರಲ್ಲಿ, ಲೆಕ್ಕದ ನಡುವೆಯೇ ಒಂದು ಹೆಸರಿಗೆ ಬೆಲೆಯನ್ನು ಕಟ್ಟಿಕೊಡುವ ಹೊಸ ಚಿಹ್ನೆಯೊಂದನ್ನು ಭಾಷೆಗೆ ಸೇರಿಸಬೇಕೇ ಎಂಬ ಚರ್ಚೆ ನಡೆಯಿತು. ವಿವರಣಚಿಹ್ನೆಯ ಮುಂದೆ ಸಮಚಿಹ್ನೆ, ಅಷ್ಟೇ ಅದು! ವಾದವು ಎಷ್ಟು ಕಹಿಯಾಯಿತೆಂದರೆ, ಚಿಹ್ನೆಯನ್ನು ಒಪ್ಪಿಕೊಂಡ ಗೈಡೋ ಅವರು ಜುಲೈ 12ರಂದು ತಮ್ಮ ಪದವಿಯನ್ನೇ ತೊರೆದರು. ಉತ್ತರಾಧಿಕಾರಿಯನ್ನು ಅವರು ಹೆಸರಿಸಲಿಲ್ಲ. ಉಳಿದ ಮುಖ್ಯ ಕರ್ತೃಗಳು ಅದೇ ಡಿಸೆಂಬರಿನಲ್ಲಿ ಮತ ಹಾಕಿ, ಐವರ ಮಂಡಲಿಯೊಂದು ಆಳತಕ್ಕದ್ದೆಂದು ನಿಶ್ಚಯಿಸಿ, ಮುಂದಿನ ವರ್ಷದ ಆರಂಭದಲ್ಲಿ ಅದನ್ನು ಚುನಾಯಿಸಿದರು. ಒಂದೇ ಸಂಸ್ಥೆಯಲ್ಲಿ ಕೆಲಸ ಮಾಡುವವರು ಮಂಡಲಿಯಲ್ಲಿ ಇಬ್ಬರಿಗಿಂತ ಹೆಚ್ಚು ಇರಕೂಡದೆಂಬ ನಿಯಮವನ್ನೂ ಸೇರಿಸಿದರು. ಭಯವು ಯಾವ ಕಡೆಯಿಂದ ಇತ್ತೆಂಬುದನ್ನು ಈ ಒಂದು ನಿಯಮವೇ ಹೇಳುತ್ತದೆ. ಆದರೂ ಮತದಾನದ ಹಕ್ಕು ಮುಖ್ಯ ಕರ್ತೃಗಳಿಗೆ ಮಾತ್ರ. ಪೈಥಾನನ್ನು ಕಲಿಯುವ, ಬಳಸುವ ಲಕ್ಷಾಂತರ ಮಂದಿಗೆ ಅದಿಲ್ಲ.

ಹಾಗಾದರೆ ಬಾಗಿಲನ್ನು ಅಗಲವಾಗಿ ತೆರೆದಿಟ್ಟರಾಯಿತಲ್ಲವೇ? 2024ರ ಘಟನೆಯೊಂದು ಈ ಮಾತಿಗೆ ಅಡ್ಡಬರುತ್ತದೆ. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಝಡ್’ ಎಂಬ ತಂತ್ರಾಂಶವು ಲಿನಕ್ಸ್ ಗಣಕಗಳಲ್ಲಿ ಎಲ್ಲೆಡೆಯೂ ಇದೆ. ಅದನ್ನು ಬಹುಕಾಲ ನೋಡಿಕೊಂಡು ಬಂದವರು ಫಿನ್‌ಲೆಂಡಿನ ಒಬ್ಬರೇ ವ್ಯಕ್ತಿ, ಅದೂ ಸಂಬಳವಿಲ್ಲದೆ ಬಿಡುವಿನ ವೇಳೆಯಲ್ಲಿ. ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ 2021ರಿಂದ ತಿದ್ದುಪಡಿಗಳನ್ನು ಕಳುಹಿಸತೊಡಗಿದರು. ಮರುವರ್ಷ ಬೇರೆ ಕೆಲವು ಅಪರಿಚಿತ ಹೆಸರುಗಳಿಂದ ಕೆಲಸ ನಿಧಾನವಾಯಿತೆಂಬ ದೂರುಗಳೂ, ಇನ್ನೊಬ್ಬರಿಗೆ ಹೊಣೆ ಕೊಡಿರೆಂಬ ಒತ್ತಾಯಗಳೂ ಬಂದವು. ದಣಿದಿದ್ದ ಆ ಮನುಷ್ಯ ಹೊಸಬರಿಗೆ ಹಕ್ಕನ್ನು ಕೊಟ್ಟರು. 2024ರ ಫೆಬ್ರವರಿಯಲ್ಲಿ ಹೊರಬಿದ್ದ ಆವೃತ್ತಿಯಲ್ಲಿ, ದೂರದ ಗಣಕಗಳೊಳಗೆ ನುಸುಳಲು ಅನುವಾಗುವ ಕಳ್ಳಬಾಗಿಲೊಂದು ಅಡಗಿತ್ತು. ಅದು ಬಯಲಾದುದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರರ ಸೂಕ್ಷ್ಮ ದೃಷ್ಟಿಯಿಂದ. ಗಣಕದೊಳಗೆ ಪ್ರವೇಶಿಸಲು ವಾಡಿಕೆಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದೇಕೆಂದು ಅವರು ಬೆನ್ನುಹತ್ತಿ ಹೋಗಿ, ಮಾರ್ಚ್ 29ರಂದು ವಿಷಯವನ್ನು ಲೋಕಕ್ಕೆ ತಿಳಿಸಿದರು. ನಂಬಿಕೆಯನ್ನು ಗಳಿಸುವ ಮಾರ್ಗವೇ ಇಲ್ಲಿ ವಂಚನೆಯ ಮಾರ್ಗವೂ ಆಗಿತ್ತು.

ಲೇಖನಿ ಹಿಡಿದವರು ಹಟ ಹಿಡಿದರೆ ಉಳಿದವರಿಗಿರುವ ಉಪಾಯವೆಂದರೆ ಕವಲೊಡೆಯುವುದು: ನಕಲನ್ನು ತೆಗೆದುಕೊಂಡು ಬೇರೆ ಹೆಸರಿನಲ್ಲಿ ಬೇರೆ ಮೂಲಪ್ರತಿಯನ್ನು ಸ್ಥಾಪಿಸುವುದು. ಓಪನ್ ಆಫೀಸ್ ತಂತ್ರಾಂಶವು ಒರೇಕಲ್ ಕಂಪನಿಯ ವಶಕ್ಕೆ ಬಂದ ವರ್ಷವೇ, ಎಂದರೆ 2010ರಲ್ಲಿ, ಅದರ ಕರ್ತೃಗಳಲ್ಲಿ ಅನೇಕರು ಹೊರಬಂದು ಲಿಬ್ರೆ ಆಫೀಸನ್ನು ಆರಂಭಿಸಿದರು. ಕೆಲವೊಮ್ಮೆ ಕವಲುಗಳು ಮರಳಿ ಕೂಡುವುದೂ ಉಂಟು. 2014ರಲ್ಲಿ ನೋಡ್ ತಂತ್ರಾಂಶದಿಂದ ಸಿಡಿದ ಬಳಗವು ಮರುವರ್ಷ, ಆಡಳಿತದ ಕ್ರಮ ಬದಲಾದ ಮೇಲೆ, ತಾಯಿಬಳಗವನ್ನೇ ಸೇರಿತು. ಬಿಟ್ಟುಹೋಗಬಲ್ಲರೆಂಬ ಅರಿವು ಲೇಖನಿ ಹಿಡಿದವರನ್ನು ಅಂಕೆಯಲ್ಲಿಡುತ್ತದೆ.

ಕವಲೊಡೆದರೆ ಎಲ್ಲರಿಗೂ ನಷ್ಟವಾಗುವ ಕ್ಷೇತ್ರವೂ ಒಂದಿದೆ, ಮತ್ತು ಅದು ಕನ್ನಡಿಗರಾದ ನಮಗೆ ಹತ್ತಿರದ್ದು. ಹಿಂದೆ ಒಂದೊಂದು ಕನ್ನಡ ತಂತ್ರಾಂಶವೂ ಅಕ್ಷರಗಳಿಗೆ ತನ್ನದೇ ಸಂಖ್ಯೆಗಳನ್ನು ಕೊಡುತ್ತಿದ್ದಿತು; ಒಂದರಲ್ಲಿ ಬರೆದುದು ಇನ್ನೊಂದರಲ್ಲಿ ಗೊಂದಲದ ಗೆರೆಗಳಾಗುತ್ತಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರಕಾರಿ ಕಚೇರಿಗಳಲ್ಲಿ ನೆಲೆಯೂರಿತು. ಕನ್ನಡಕ್ಕೆ ಬೇಕಾದುದನ್ನು ತೀರ್ಮಾನಿಸುವವರು ಯಾರೆಂಬ ವಾದ ಅಂದು ಬಿರುಸಾಗಿಯೇ ನಡೆಯಿತು. ಪೂರ್ಣಚಂದ್ರ ತೇಜಸ್ವಿಯವರೂ ಅದರಲ್ಲಿ ಇಳಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೂಲಕ ‘ಕುವೆಂಪು’ ಹೆಸರಿನ ತಂತ್ರಾಂಶವು ಸಿದ್ಧವಾದುದಕ್ಕೆ ಅವರ ಒತ್ತಾಸೆಯಿತ್ತು. ಸಂಖ್ಯೆಗಳ ಗೊಂದಲವನ್ನು ನೀಗಿದುದು ಯೂನಿಕೋಡ್. ಜಗತ್ತಿಗೆಲ್ಲ ಒಂದೇ ಪಟ್ಟಿ, ಆದುದರಿಂದ ಒಂದೇ ಮೂಲಪ್ರತಿ. ಅಲ್ಲಿ ವಾರ್ಷಿಕ ಶುಲ್ಕ ತೆತ್ತ ಸದಸ್ಯರಿಗೆ ಮತವಿದೆ. ಅವರಲ್ಲಿ ದೊಡ್ಡ ಕಂಪನಿಗಳದೇ ಪ್ರಾಬಲ್ಯ. ಆ ಪಟ್ಟಿಯಲ್ಲಿ 3294ನೆಯ ಸಂಖ್ಯೆ ಹಳಗನ್ನಡದ ‘ೞ’ ಅಕ್ಷರದ್ದು. ಪಂಪನನ್ನು ಓದಿದ ಯಾರೂ ಗುರುತಿಸಬಲ್ಲ ಈ ಅಕ್ಷರಕ್ಕೆ ಅಲ್ಲಿ ಅಧಿಕೃತವಾಗಿ ‘ಫ’ ಎಂಬ ಹೆಸರು ಬಿದ್ದಿದೆ! ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬುದು ಯೂನಿಕೋಡಿನ ಕಟ್ಟುಪಾಡು. ಸರಿಯಾದ ಹೆಸರನ್ನು ತಿದ್ದುಪಡಿಯೆಂದು ಪಕ್ಕದಲ್ಲಿ ಬರೆದುಕೊಂಡಿದ್ದಾರೆ, ಅಷ್ಟೇ.

ಮತವಿಲ್ಲದವರೂ ಅಲ್ಲಿ ಮನವಿಯನ್ನು ಸಲ್ಲಿಸಬಹುದು. ಶುಲ್ಕ ಬೇಡ, ಪದವಿ ಬೇಡ, ಆಧಾರ ಬೇಕು. ಶಾಸನ, ಓಲೆಗರಿ, ಹಳೆಯ ಮುದ್ರಿತ ಪುಸ್ತಕಗಳಲ್ಲಿ ಅಕ್ಷರವು ಬಳಕೆಯಾದುದನ್ನು ಚಿತ್ರಸಹಿತ ತೋರಿಸಬೇಕು. ಸ್ವರವಿಲ್ಲದ ನಕಾರಕ್ಕೆ ಹಿಂದಿನವರು ಬಳಸುತ್ತಿದ್ದ ‘ನಕಾರ ಪೊಲ್ಲು’ ಇಂತಹ ಮನವಿಯ ಮೂಲಕವೇ 2021ರಲ್ಲಿ ಪಟ್ಟಿಯನ್ನು ಸೇರಿತು. ಅದಕ್ಕೆ ದೊರೆತ ಸಂಖ್ಯೆ 3293. ತಪ್ಪು ಹೆಸರು ಹೊತ್ತ ‘ೞ’ದ ಪಕ್ಕದ ಮನೆಯೇ ಅದು.