ರೋಬೋ ಕಾರು ತಡವರಿಸುವುದೇಕೆ?

ಯಲಹಂಕ, ಹೆಬ್ಬಾಳದ ಕಡೆಯ ಇಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟಿಗೆಂದು ಎಸ್‌.ಪಿ. ರೋಡಿಗೆ ಹೋದರೆ ಚೀಲದಲ್ಲಿ ಒಂದು ಕೆಂಪು ಬೋರ್ಡ್ ಬಂದೇ ಬರುತ್ತದೆ: ಎಲ್298ಎನ್ ಮೋಟಾರ್ ಡ್ರೈವರ್. ಕಾರು ಓಡದಿದ್ದರೆ ಮೊದಲ ಅನುಮಾನವೂ ಅದರ ಮೇಲೆಯೇ. ಚಕ್ರ ಒಮ್ಮೆ ಜಗ್ಗುತ್ತದೆ, ಆರ್ಡುಯಿನೋದ ದೀಪ ಮಿನುಗುತ್ತದೆ, ಚಕ್ರ ನಿಲ್ಲುತ್ತದೆ, ಮತ್ತೆ ಜಗ್ಗುತ್ತದೆ. ಬೋರ್ಡ್ ಸುಟ್ಟಿದೆ ಎಂದು ತೀರ್ಪು ಕೊಡುವ ಮುನ್ನ ಬ್ಯಾಟರಿಯನ್ನು ವಿಚಾರಿಸಬೇಕು.

ತಿರುಗುತ್ತಿರುವ ಡಿ.ಸಿ. ಮೋಟಾರು ತಾನೂ ಒಂದು ಜನರೇಟರೇ. ಅದರೊಳಗೆ ಹುಟ್ಟುವ ವೋಲ್ಟೇಜ್ ಬ್ಯಾಟರಿಗೆ ಎದುರಾಗಿ ನಿಂತು ಕರೆಂಟನ್ನು ಹದ್ದುಬಸ್ತಿನಲ್ಲಿಡುತ್ತದೆ. ನಿಂತ ಮೋಟಾರಿನಲ್ಲಿ ಆ ಎದುರಾಳಿ ಇಲ್ಲ, ತಾಮ್ರದ ಸುರುಳಿಯ ಕೆಲವೇ ಓಮ್ ರೋಧ ಮಾತ್ರ. ಹೀಗಾಗಿ ಹೊರಡುವ ಕ್ಷಣದಲ್ಲಿ ಅದು ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಕಿಟ್‌ಗಳಲ್ಲಿ ಬರುವ ಹಳದಿ ಗೇರ್ ಮೋಟಾರು ಭಾರವಿಲ್ಲದೆ ಓಡುವಾಗ ಸುಮಾರು 0.2 ಆಂಪಿಯರ್ ಸಾಕು, ಚಕ್ರ ಹಿಡಿದರೆ 1 ಆಂಪಿಯರ್ ಆಸುಪಾಸಿಗೆ ಏರುತ್ತದೆ.

ಯಶವಂತಪುರದಲ್ಲಿ ಕಂಬಗಳ ಮೇಲೆ 2014ರಿಂದ ಓಡುತ್ತಿರುವ ಮೆಟ್ರೋ ಕೂಡ ಇದೇ ಭೌತಶಾಸ್ತ್ರಕ್ಕೆ ತಲೆಬಾಗಬೇಕು. ಮೂರನೆಯ ಹಳಿಯಿಂದ 750 ವೋಲ್ಟ್ ಡಿ.ಸಿ. ಪಡೆದು, ಇನ್ವರ್ಟರಿನಲ್ಲಿ ವೋಲ್ಟೇಜನ್ನೂ ಆವರ್ತನವನ್ನೂ ಮೆಲ್ಲಗೆ ಏರಿಸುತ್ತ ಅದು ಹೊರಡುತ್ತದೆ. ಬ್ರೇಕ್ ಹಾಕುವಾಗ ಮೋಟಾರನ್ನೇ ಜನರೇಟರ್ ಮಾಡಿಕೊಳ್ಳುತ್ತದೆ. ನಮ್ಮ ಪುಟ್ಟ ಕಾರಿಗೂ ಪಿಡಬ್ಲ್ಯೂಎಂ ಅನ್ನು ಸೊನ್ನೆಯಿಂದ ನಿಧಾನವಾಗಿ ಏರಿಸಿದರೆ ಹೊರಡುವಾಗಿನ ಜಗ್ಗಾಟ ಎಷ್ಟೋ ತಗ್ಗುತ್ತದೆ.

ರೋಬೋ ಕಿಟ್ ಜೊತೆ ಚೌಕನೆಯ 9 ವೋಲ್ಟ್ ಬ್ಯಾಟರಿ ಮಾರುವುದನ್ನು ನಿಲ್ಲಿಸಬೇಕು ಎಂದೇ ನನ್ನ ವಾದ. ಮಲ್ಟಿಮೀಟರಿಗೆ ಅದು ಸರಿ. ಒಳಗಿರುವುದು ಸಾಲಾಗಿ ಜೋಡಿಸಿದ ಆರು ಪುಟಾಣಿ ಸೆಲ್‌ಗಳು. ಎರಡು ಮೋಟಾರುಗಳು ಒಟ್ಟಿಗೆ ಎಳೆದರೆ ಅದರ ಒಳರೋಧದಲ್ಲೇ ವೋಲ್ಟೇಜ್ ಕರಗಿ ಆರ್ಡುಯಿನೋ ರೀಸೆಟ್ ಆಗುತ್ತದೆ. ಆಗ ಮೋಟಾರು ನಿಲ್ಲುವುದರಿಂದ ವೋಲ್ಟೇಜ್ ಚೇತರಿಸಿಕೊಳ್ಳುತ್ತದೆ, ಪ್ರೋಗ್ರಾಂ ಮೊದಲಿನಿಂದ ಶುರುವಾಗಿ ಮತ್ತೆ ಮೋಟಾರಿಗೆ ಆಜ್ಞೆ ಕೊಡುತ್ತದೆ.

ಅದರ ಬದಲು ಎರಡು 18650 ಸೆಲ್ ಸಾಲಾಗಿ ಹಾಕಿದರೆ 7.4 ವೋಲ್ಟ್ ಸಿಗುತ್ತದೆ. (9900 ಎಂಎಎಚ್ ಎಂದು ಬರೆದ ಅಗ್ಗದ ಸೆಲ್ ನಂಬಬೇಡಿ, ಒಳ್ಳೆಯ ಕಂಪನಿಯದೇ ಸಾಮಾನ್ಯವಾಗಿ 3500ರ ಸುತ್ತ ನಿಲ್ಲುತ್ತದೆ.) ಆದರೆ ಎಲ್298ಎನ್ ಹಳೆಯ ಕಾಲದ ಬೈಪೋಲಾರ್ ಟ್ರಾನ್ಸಿಸ್ಟರುಗಳ ಚಿಪ್. 1 ಆಂಪಿಯರ್ ಹರಿದಾಗ 2 ವೋಲ್ಟಿನಷ್ಟನ್ನು ಅದೇ ನುಂಗಿ ಬಿಸಿ ಮಾಡಿಕೊಳ್ಳುತ್ತದೆ. ಬೆನ್ನಿಗೆ ಕಪ್ಪು ಹೀಟ್‌ಸಿಂಕ್ ಇರುವುದು ಅದಕ್ಕೇ. ಬೋರ್ಡಿನ 5 ವೋಲ್ಟ್ ರೆಗ್ಯುಲೇಟರಿಗೂ ಸುಮಾರು 7 ವೋಲ್ಟ್ ಬೇಕು, ಅಂದರೆ 7.4ರಲ್ಲಿ ಉಸಿರಾಡಲು ಜಾಗವೇ ಇಲ್ಲ. ಮಾಸ್‌ಫೆಟ್ ಇರುವ ಟಿಬಿ6612ಎಫ್‌ಎನ್‌ಜಿ ಅದೇ ಕರೆಂಟಿಗೆ ಅರ್ಧ ವೋಲ್ಟಿನಷ್ಟು ಮಾತ್ರ ಕಳೆಯುತ್ತದೆ. ಸಣ್ಣ ಕಾರಿಗೆ ನಾನು ಅದನ್ನೇ ಹೇಳುತ್ತೇನೆ.

ಅಳೆಯುವುದಾದರೆ ಮೋಟಾರು ಓಡುತ್ತಿರುವಾಗಲೇ ಅಳೆಯಬೇಕು. ಸುಮ್ಮನಿರುವ ಬ್ಯಾಟರಿ ಸಾಮಾನ್ಯವಾಗಿ ಸರಿಯಾಗಿಯೇ ತೋರಿಸುತ್ತದೆ. ಮೀಟರಿನ ಕಡ್ಡಿಗಳನ್ನು ಬೋರ್ಡಿನ 12 ವೋಲ್ಟ್ ಮತ್ತು ಗ್ರೌಂಡ್ ಸ್ಕ್ರೂಗಳಿಗೆ ಒತ್ತಿ, ಚಕ್ರವನ್ನು ಒಂದೆರಡು ಸೆಕೆಂಡು ಮಾತ್ರ ಹಿಡಿಯಿರಿ. ಅಲ್ಲಿ ವೋಲ್ಟೇಜ್ ಕುಸಿದು ಬ್ಯಾಟರಿಯ ತುದಿಯಲ್ಲಿ ಕುಸಿಯದಿದ್ದರೆ ತಪ್ಪು ತೆಳು ತಂತಿ ಅಥವಾ ಹೋಲ್ಡರಿನ ಸ್ಪ್ರಿಂಗಿನದು. ಎರಡೂ ಕಡೆ ಕುಸಿದರೆ ಬ್ಯಾಟರಿಯದು. ಆರ್ಡುಯಿನೋಗೆ ಬೇರೆ ಬ್ಯಾಟರಿ ಕೊಟ್ಟಿದ್ದರೆ ಎರಡರ ಗ್ರೌಂಡ್ ಸೇರಿಸಿದ್ದೀರಾ ನೋಡಿ. ಸೇರದಿದ್ದರೆ ಸಂಕೇತಕ್ಕೆ ಹಿಂದಿರುಗುವ ದಾರಿಯಿಲ್ಲ. ಕೊನೆಗೆ ಇಎನ್‌ಎ ಜಂಪರ್ ಹಾಕಿ, ಐಎನ್1ಕ್ಕೆ 5 ವೋಲ್ಟ್, ಐಎನ್2ನ್ನು ಗ್ರೌಂಡಿಗೆ ಕೊಡಿ. ಬ್ಯಾಟರಿ ಗಟ್ಟಿಯಿದ್ದೂ ಔಟ್‌ಪುಟ್ ಸೊನ್ನೆಯೇ ಆಗಿದ್ದರೆ ಆ ಬದಿಯ ಚಿಪ್ ಕೈಕೊಟ್ಟಿರುವ ಸಂಭವ ಹೆಚ್ಚು. ಮೋಟಾರನ್ನು ಇನ್ನೊಂದು ಬದಿಗೆ ಸಿಕ್ಕಿಸಿಯೂ ನೋಡಬಹುದು.