ಪಿಯುಸಿ ಚೀಟಿ ಹೇಳದ ಲೆಕ್ಕ



ಬೆಳಗಿನ ಪಾಳಿಯ ಹೊತ್ತಿಗೆ ನಾಶಿಕ್ ಫಾಟಾದಿಂದ ಭೋಸರಿ ಎಂಐಡಿಸಿ ಕಡೆಗೆ ಹೊರಟಿದ್ದೀರಿ ಅನ್ನಿ. ಮುಂದಿನ ಟೆಂಪೋ ಬಿಟ್ಟ ಹೊಗೆ ಮುಖಕ್ಕೆ ರಾಚುತ್ತದೆ. "ನನ್ನ ಗಾಡಿ ಹೀಗಿಲ್ಲಪ್ಪ, ಪಿಯುಸಿ ಮಾಡಿಸಿದ್ದೇನೆ" ಎಂದು ನೀವು ಸಮಾಧಾನಪಟ್ಟುಕೊಳ್ಳುತ್ತೀರಿ. ಆದರೆ ಆ ಚೀಟಿ ಹೇಳದ ಲೆಕ್ಕವೊಂದಿದೆ.

ಪೆಟ್ರೋಲ್ ಗಾಡಿಯ ಪಿಯುಸಿಯಲ್ಲಿ ಮುಖ್ಯವಾಗಿ ನೋಡುವುದು ಇಂಗಾಲದ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್. ಡೀಸೆಲ್ ಗಾಡಿಯಲ್ಲಿ ಹೊಗೆಯ ದಟ್ಟಣೆ. ಇವೆಲ್ಲ ನಮ್ಮ ಶ್ವಾಸಕೋಶದ ಶತ್ರುಗಳು, ನಿಜ. ಆದರೆ ಭೂಮಿಯನ್ನು ಬಿಸಿ ಮಾಡುವ ಇಂಗಾಲದ ಡೈಆಕ್ಸೈಡ್‌ಗೆ ಅಲ್ಲಿ ಮಿತಿಯೇ ಇಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಒಂದು ಲೀಟರ್ ಪೆಟ್ರೋಲ್‌ನ ತೂಕ ಸುಮಾರು ಮುಕ್ಕಾಲು ಕಿಲೋ. ಉರಿದಾಗ ಹೊರಬರುವ ಡೈಆಕ್ಸೈಡ್ ಸುಮಾರು 2.3 ಕಿಲೋ! ಹೇಗೆ ಅಂತೀರಾ? ಪೆಟ್ರೋಲ್‌ನ ಇಂಗಾಲ ಗಾಳಿಯಲ್ಲಿರುವ ಆಮ್ಲಜನಕವನ್ನು ಜೊತೆಗೆ ಸೇರಿಸಿಕೊಳ್ಳುತ್ತದೆ. ಎಂಜಿನ್ ಎಷ್ಟೇ ಚೊಕ್ಕಟವಾಗಿದ್ದರೂ ಈ ಲೆಕ್ಕ ತಪ್ಪದು.

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ನಿಯಮವೂ ವಿಷಕಾರಿ ಹೊಗೆಯನ್ನು ತಡೆಯುವಂಥದ್ದೇ. ಕಾರುಗಳ ಡೈಆಕ್ಸೈಡ್‌ಗೆ ಬೇರೆ ನಿಯಮವಿದೆ. 2017ರಿಂದ ಕಿಲೋಮೀಟರಿಗೆ ಸರಾಸರಿ 130 ಗ್ರಾಂ ಇದ್ದ ಮಿತಿ, 2022ರಿಂದ 113 ಗ್ರಾಂಗೆ ಇಳಿಯಿತು. ಒಳ್ಳೆಯದೇ. ಆದರೆ ಒಂದೊಂದು ಗಾಡಿಯ ಹೊಗೆ ಸ್ವಲ್ಪ ಇಳಿದು, ಗಾಡಿಗಳ ಸಂಖ್ಯೆ ಏರುತ್ತಲೇ ಹೋದರೆ ಉಳಿದದ್ದೇನು?

ಅದಕ್ಕೇ ಹೊಗೆರಹಿತ ವಾಹನಗಳ ಕಡ್ಡಾಯ ನಿಯಮ ಬೇಕೆನ್ನುವುದು. ಪ್ರತಿ ಕಂಪನಿ ಮಾರುವ ಹೊಸ ಗಾಡಿಗಳಲ್ಲಿ ಇಂತಿಷ್ಟು ಪಾಲು ಹೊಗೆಯುಗುಳದ ಗಾಡಿಗಳೇ ಇರಬೇಕು. ಆ ಪಾಲು ವರ್ಷದಿಂದ ವರ್ಷಕ್ಕೆ ಏರಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ 1990ರಲ್ಲೇ ಇಂಥ ನಿಯಮ ತಂದಿತು, ಕಂಪನಿಗಳ ವಿರೋಧಕ್ಕೆ ಮಣಿದು 1996ರಲ್ಲಿ ಸಡಿಲಿಸಿತು. ಚೀನಾ 2019ರಿಂದ ಅಂಕಗಳ ರೂಪದಲ್ಲಿ ಇದನ್ನು ಜಾರಿ ಮಾಡಿತು, ಜೊತೆಗೆ ಸಬ್ಸಿಡಿಯನ್ನೂ ಕೊಟ್ಟಿತು. 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ಲಗ್ ಹಾಕಿ ಚಾರ್ಜ್ ಮಾಡುವಂಥವು. ನಮ್ಮಲ್ಲಿ ಸಬ್ಸಿಡಿ ಇದೆ, ಗುರಿಗಳೂ ಇವೆ. ಇಂತಿಷ್ಟು ಮಾರಲೇಬೇಕೆಂಬ ಕಡ್ಡಾಯ ಮಾತ್ರ ಇಲ್ಲ.

"ಕರೆಂಟು ಬರುವುದೂ ಕಲ್ಲಿದ್ದಲಿನಿಂದಲೇ ತಾನೆ?" ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಲೀಟರಿಗೆ 50 ಕಿ.ಮೀ. ಕೊಡುವ ಸ್ಕೂಟರ್ ಕಿಲೋಮೀಟರಿಗೆ ಸುಮಾರು 46 ಗ್ರಾಂ ಡೈಆಕ್ಸೈಡ್ ಬಿಡುತ್ತದೆ. ವಿದ್ಯುತ್ ಸ್ಕೂಟರಿಗೆ ಒಂದು ಯೂನಿಟ್‌ನಲ್ಲಿ 30ರಿಂದ 35 ಕಿ.ಮೀ. ಬರುತ್ತದೆ ಎಂದಿಟ್ಟುಕೊಳ್ಳಿ. ನಮ್ಮ ದೇಶದ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಡೈಆಕ್ಸೈಡ್ ಹಿಡಿದರೂ ಬರುವುದು ಅದರ ಅರ್ಧದಷ್ಟೇ. ಸೌರ, ಪವನ ವಿದ್ಯುತ್ ಹೆಚ್ಚಿದಂತೆ ಇದು ಇನ್ನೂ ಇಳಿಯುತ್ತದೆ. ಪೆಟ್ರೋಲ್ ಗಾಡಿಗೆ ಆ ಭಾಗ್ಯವಿಲ್ಲ.

ಇನ್ನು ಹೊಟ್ಟೆಪಾಡಿನ ಮಾತು. ಕಲಬುರಗಿ, ಬೀದರ್, ವಿಜಯಪುರದ ಕಡೆಯಿಂದ ದುಡಿಯಲು ಪುಣೆಗೆ ಬಂದವರು ನಮ್ಮಲ್ಲಿ ಬಹಳ. ಭೋಸರಿಯ ಸಣ್ಣ ಶೆಡ್‌ಗಳಲ್ಲಿ ವಾಹನದ ಬಿಡಿಭಾಗ ಮಾಡುವವರೂ ಇದ್ದಾರೆ. ವಿದ್ಯುತ್ ಗಾಡಿಗೆ ಪಿಸ್ಟನ್ ಬೇಡ, ಸೈಲೆನ್ಸರ್ ಬೇಡ. ಬ್ರೇಕ್, ಆ್ಯಕ್ಸಲ್, ಸೀಟು, ವೈರಿಂಗ್ ಬೇಕೇ ಬೇಕು. ಕೆಲವರ ಕೆಲಸ ಉಳಿಯುತ್ತದೆ, ಕೆಲವರದು ಬದಲಾಗುತ್ತದೆ. ಇದನ್ನು ಮುಚ್ಚಿಡಬಾರದು.

ಹಾಗೆಂದು ನಿಯಮವೇ ಬೇಡವೇ? ಹಳೆಯದನ್ನು ನೆನೆಯಿರಿ. 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟ್ ಬಿಎಸ್-3 ಗಾಡಿಗಳನ್ನು ಏಪ್ರಿಲ್ 1ರಿಂದ ಮಾರುವಂತಿಲ್ಲ ಎಂದಾಗ ಎಂಟು ಲಕ್ಷಕ್ಕೂ ಹೆಚ್ಚು ಗಾಡಿಗಳು ದಾಸ್ತಾನಿದ್ದವು. ಎರಡೇ ದಿನಗಳಲ್ಲಿ ಮಾರಿಬಿಡಲು ಶೋರೂಮುಗಳಲ್ಲಿ ಗದ್ದಲವೋ ಗದ್ದಲ. ಬಿಎಸ್-6ರ ದಿನಾಂಕವನ್ನಾದರೋ 2016ರ ಜನವರಿಯಲ್ಲೇ ಸಾರಲಾಗಿತ್ತು. ನಾಲ್ಕು ವರ್ಷಗಳಲ್ಲಿ ಉದ್ಯಮ ಬಿಎಸ್-5 ಅನ್ನೇ ಹಾರಿ ಗುರಿ ಮುಟ್ಟಿತು. ಸಣ್ಣ ಶೆಡ್‌ನ ಮಾಲೀಕರಿಗೆ ಹೆದರಿಕೆ ಕಟ್ಟುನಿಟ್ಟಿನ ನಿಯಮದ್ದಲ್ಲ, ದಿಢೀರ್ ನಿಯಮದ್ದು. ಇಂದೇ ದಿನಾಂಕ ಗೊತ್ತಾದರೆ ಹೊಸ ಯಂತ್ರ ತರಿಸಲು, ಹುಡುಗರಿಗೆ ಮೋಟಾರು, ಬ್ಯಾಟರಿಯ ಕೆಲಸ ಕಲಿಸಲು ಕಾಲಾವಕಾಶ ಸಿಗುತ್ತದೆ. ಕಲಿಸುವ ಹೊಣೆಯನ್ನು ಸರ್ಕಾರವೂ ಹೊರಬೇಕು.

ಪುಣೆ-ಪಿಂಪ್ರಿಯ ರಸ್ತೆಗಳಲ್ಲಿ 2019ರಿಂದಲೇ ಪಿಎಂಪಿಎಂಎಲ್‌ನ ವಿದ್ಯುತ್ ಬಸ್ಸುಗಳು ಓಡುತ್ತಿವೆ. ಮುಂದಿನ ಸಲ ಅಂಥದೊಂದು ಬಸ್ಸು ಪಕ್ಕದಲ್ಲಿ ಹೋದಾಗ ಅದರ ಹಿಂಭಾಗ ನೋಡಿ: ಸೈಲೆನ್ಸರ್ ಕಾಣುವುದಿಲ್ಲ. ನಿಮ್ಮ ಶೆಡ್‌ನಲ್ಲಿ ಈ ಬದಲಾವಣೆಯ ಬಗ್ಗೆ ಏನು ಮಾತು ನಡೆದಿದೆ? ನಮಗೆ ಬರೆದು ತಿಳಿಸಿ, ಕಾರ್ಯಕ್ರಮದಲ್ಲಿ ಮಾತಾಡೋಣ.